60 ಡಿಗ್ರಿ, ಆದರೆ ಯಾವ ಲೆಕ್ಕದಲ್ಲಿ?

ಬೆಳಿಗ್ಗೆ ಏಳು ಗಂಟೆಗೇ ಫೋನ್ ಬಂತು. ನಾನು ಥರ್ಮಲ್ ಕ್ಯಾಮೆರಾದಲ್ಲಿ ತಪಾಸಣೆ ಮಾಡಿದ್ದ ಒಂದು ಕಾರ್ಖಾನೆಯ ಮೇಂಟೆನೆನ್ಸ್ ಮ್ಯಾನೇಜರ್. "ಸಾರ್, ನಿನ್ನೆ ಕಳಿಸಿದ ರಿಪೋರ್ಟ್ ನೋಡಿದೆ. ಮೇನ್ ಪ್ಯಾನೆಲ್‌ನ ವೈ ಫೇಸ್ ಲಗ್ 65 ಡಿಗ್ರಿ ಅಂತಿದೆ. ಹೋದ ವರ್ಷ 60 ಇತ್ತು. ಲೋಡ್ ಅಷ್ಟೇ ಇದೆ. ಜಾಯಿಂಟ್ ಕೆಡ್ತಾ ಇದೆಯಾ? ಇವತ್ತೇ ಶಟ್‌ಡೌನ್ ತಗೊಳ್ಳಬೇಕಾ?"

ಲಗ್ ಅಂದರೆ ಕೇಬಲ್ ತುದಿಯನ್ನು ಬೋಲ್ಟ್ ಹಾಕಿ ಕೂರಿಸುವ ಲೋಹದ ತುಂಡು, ವೈ ಅಂದರೆ ಮೂರು ಫೇಸ್‌ಗಳಲ್ಲಿ ಒಂದು. ಆ ಪ್ಯಾನೆಲ್ ಬಂದ್ ಮಾಡಿದರೆ ಇಡೀ ಲೈನ್ ನಿಲ್ಲುತ್ತದೆ. ಸುಮ್ನೆ ಹೇಳಿಬಿಡುವ ಮಾತಲ್ಲ. ಹಾಗಂತ ಸಡಿಲಾದ ಜಾಯಿಂಟನ್ನು ಹಾಗೇ ಬಿಡುವಂತೆಯೂ ಇಲ್ಲ. "ಹೋದ ವರ್ಷದ ಒರಿಜಿನಲ್ ಫೈಲ್‌ಗಳಿದ್ದರೆ ಕಳಿಸಿ ಸಾರ್, ನೋಡಿ ಹೇಳ್ತೀನಿ" ಅಂದೆ.

ಹೋದ ವರ್ಷ ತಪಾಸಣೆ ಮಾಡಿದವರು ಬೇರೆಯವರು. ಮ್ಯಾನೇಜರ್ ಹತ್ತಿರ ಇದ್ದದ್ದು ಒಂದು ವರ್ಡ್ ಫೈಲ್ ಮಾತ್ರ. ಅದರಲ್ಲಿ ಅಂಟಿಸಿದ್ದ ಫೋಟೋಗಳೆಲ್ಲ ಪಿಎನ್‌ಜಿ. ಪುಟಕ್ಕೆ ಚೆನ್ನಾಗಿ ಕೂರಲಿ ಅಂತ ಅಂಚು ಬೇರೆ ಕತ್ತರಿಸಿದ್ದರು. ಮೆಮೊರಿ ಕಾರ್ಡ್ ಎಂದೋ ಅಳಿಸಿಯಾಗಿತ್ತು. ಚಿತ್ರದಲ್ಲಿ ಕೆಂಪು ಇತ್ತು, ಹಳದಿ ಇತ್ತು, ಲಗ್ ಪಕ್ಕ 60.0 ಅಂತ ಬರೆದಿತ್ತು. ಆ 60 ಹೇಗೆ ಬಂತು ಅನ್ನುವುದು ಎಲ್ಲೂ ಇರಲಿಲ್ಲ.

ಥರ್ಮಲ್ ಕ್ಯಾಮೆರಾ ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ಅದಕ್ಕೆ ಸಿಗುವುದು ಇನ್‌ಫ್ರಾರೆಡ್ ಕಿರಣ ಅಷ್ಟೇ. ಅದರಲ್ಲಿ ಸ್ವಲ್ಪ ಆ ವಸ್ತುವಿನದೇ, ಸ್ವಲ್ಪ ಸುತ್ತಮುತ್ತಲಿಂದ ಬಂದು ಅದರ ಮೇಲೆ ಬಿದ್ದು ವಾಪಸ್ ಬಂದದ್ದು. ಆ ಬಿಸಿಯಲ್ಲಿ ಸೂಸಬಹುದಾದ ಗರಿಷ್ಠ ಕಿರಣದಲ್ಲಿ ಎಷ್ಟು ಭಾಗವನ್ನು ವಸ್ತು ಸೂಸುತ್ತದೆ ಅನ್ನುವುದನ್ನು ಎಮಿಸಿವಿಟಿ ಅನ್ನುವ ಸಂಖ್ಯೆ ಹೇಳುತ್ತದೆ. ಅದನ್ನು ಕ್ಯಾಮೆರಾಗೆ ನಾವೇ ಹೇಳಿಕೊಡಬೇಕು. ಪೇಂಟ್ ಬಳಿದ ಮೇಲ್ಮೈ, ಕಪ್ಪು ಇನ್ಸುಲೇಷನ್ ಟೇಪ್ ಇವಕ್ಕೆಲ್ಲ ಸುಮಾರು 0.95. ಗಾಳಿಗೆ ಕಪ್ಪಗಾದ ಹಳೇ ತಾಮ್ರಕ್ಕೆ 0.8ರ ಆಸುಪಾಸು. ಫಳಫಳ ಹೊಳೆಯುವ ತಾಮ್ರಕ್ಕಾದರೆ 0.05ಕ್ಕೂ ಇಳಿಯುತ್ತದೆ.

ಆ ಲಗ್ ಹಳೇ ತಾಮ್ರದ್ದು, ಪೂರ್ತಿ ಕಪ್ಪಗಾಗಿತ್ತು. ಹಾಗಾಗಿ ನಾನು 0.80 ಇಟ್ಟು ತೆಗೆದಿದ್ದೆ. ಸುತ್ತಲಿನ ಉಷ್ಣತೆ 30 ಡಿಗ್ರಿ. ಈಗ ಲೆಕ್ಕ ನೋಡಿ. ಅದೇ ಲಗ್, ಅದೇ ಬಿಸಿ, ಕ್ಯಾಮೆರಾದಲ್ಲಿ 0.95 ಇದ್ದರೆ ಪರದೆ ಮೇಲೆ 60 ಬರುತ್ತದೆ. 0.80 ಇದ್ದರೆ 65 ಬರುತ್ತದೆ. 0.60 ಇಟ್ಟರೆ ಸುಮಾರು 75. ಅಂದರೆ ಹೋದ ವರ್ಷ ಕ್ಯಾಮೆರಾದಲ್ಲಿ 0.95 ಇದ್ದಿದ್ದರೆ ಜಾಯಿಂಟ್ ಏನೂ ಬದಲಾಗಿಲ್ಲ. 0.80 ಇದ್ದಿದ್ದರೆ ನಿಜಕ್ಕೂ 5 ಡಿಗ್ರಿ ಏರಿದೆ. ಶಟ್‌ಡೌನ್ ಬೇಕೋ ಬೇಡವೋ ಅನ್ನುವುದು ಆ ಒಂದು ಸಂಖ್ಯೆ ಮೇಲೆ ನಿಂತಿತ್ತು. ಅದನ್ನು ಯಾರೋ ಕ್ರಾಪ್ ಮಾಡಿ ಬಿಸಾಕಿದ್ದರು.

ಒರಿಜಿನಲ್ ಫೈಲ್ ಇದ್ದಿದ್ದರೆ ಇದು ಐದು ನಿಮಿಷದ ಕೆಲಸ. ಈಗಿನ ಒಳ್ಳೆಯ ಥರ್ಮಲ್ ಕ್ಯಾಮೆರಾಗಳು ಕೊಡುವ ರೇಡಿಯೋಮೆಟ್ರಿಕ್ ಜೆಪೆಗ್ ಹೊರಗಿನಿಂದ ಮಾಮೂಲಿ ಫೋಟೋದ ಥರ ಕಾಣುತ್ತದೆ. ಹೋಳಿಗೆಯ ಹಾಗೆ, ಹೂರಣ ಇರುವುದು ಒಳಗೆ. ಫ್ಲಿರ್ ಅನ್ನುವ ಕಂಪನಿಯ ಕ್ಯಾಮೆರಾದ ಫೈಲ್ ತಗೊಳ್ಳಿ. ಬಣ್ಣದ ಚಿತ್ರದ ಜೊತೆ ಸೆನ್ಸರ್‌ನ 16 ಬಿಟ್ ಸಂಖ್ಯೆಗಳು ಹಾಗೇ ಇರುತ್ತವೆ. ಎಮಿಸಿವಿಟಿ, ದೂರ, ಗಾಳಿಯ ತೇವಾಂಶ, ರಿಫ್ಲೆಕ್ಟೆಡ್ ಟೆಂಪರೇಚರ್ (ವಸ್ತುವಿನ ಮೇಲೆ ಬಿದ್ದು ವಾಪಸ್ ಬರುವ ಕಿರಣದ ಲೆಕ್ಕಕ್ಕೆ ಹಾಕುವ ಸುತ್ತಲಿನ ಉಷ್ಣತೆ) ಇರುತ್ತವೆ. ಸಂಖ್ಯೆಯನ್ನು ಉಷ್ಣತೆಗೆ ತಿರುಗಿಸಲು ಬೇಕಾದ ಐದು ಪ್ಲಾಂಕ್ ಸ್ಥಿರಾಂಕಗಳೂ ಇರುತ್ತವೆ. ಇವು ಆ ಕ್ಯಾಮೆರಾದ ಕ್ಯಾಲಿಬ್ರೇಷನ್‌ನಲ್ಲಿ ಸಿಕ್ಕವು. ಇನ್ನೊಂದು ಕ್ಯಾಮೆರಾದಿಂದ ಎರವಲು ತಂದು ಲೆಕ್ಕ ಮಾಡುವ ಹಾಗಿಲ್ಲ.

ಇವೆಲ್ಲ ಎಲ್ಲಿ ಕೂತಿರುತ್ತವೆ ಅಂತ ತಿಳಿದರೆ ಯಾಕೆ ಕಳೆದುಹೋಗುತ್ತವೆ ಅನ್ನುವುದೂ ಗೊತ್ತಾಗುತ್ತದೆ. ಜೆಪೆಗ್ ಫೈಲ್‌ನಲ್ಲಿ ತಯಾರಕರು ತಮಗೆ ಬೇಕಾದ್ದನ್ನು ಇಡಲು 'ಆ್ಯಪ್' ಅನ್ನುವ ವಿಭಾಗಗಳಿವೆ. ಒಂದೊಂದಕ್ಕೂ 65,535 ಬೈಟ್ ಮಿತಿ. 640 × 480 ಪಿಕ್ಸೆಲ್‌ನ ಚಿತ್ರಕ್ಕೆ ಪಿಕ್ಸೆಲ್‌ಗೆ ಎರಡು ಬೈಟ್‌ನಂತೆ 6,14,400 ಬೈಟ್ ಬೇಕು. ಕಂಪ್ರೆಸ್ ಮಾಡದೆ ಇಟ್ಟರೆ ಕನಿಷ್ಠ ಹತ್ತು ತುಂಡು ಮಾಡಿ ಸಾಲಾಗಿ ಜೋಡಿಸಬೇಕು. ಫ್ಲಿರ್ ಇದನ್ನು ಆ್ಯಪ್1ರಲ್ಲಿ ಇಡುತ್ತದೆ. ಡಿಜೆಐ ಡ್ರೋನ್‌ಗಳು ಆ್ಯಪ್3ರಲ್ಲಿ ಇಡುತ್ತವೆ. ಮಾಮೂಲಿ ಫೋಟೋ ಎಡಿಟರ್‌ಗೆ ಈ ತುಂಡುಗಳ ಅರ್ಥ ಗೊತ್ತಿಲ್ಲ. ಅದು ಹೊರಗಿನ ಬಣ್ಣದ ಚಿತ್ರ ತೆರೆಯುತ್ತದೆ, ನೀವು ತಿರುಗಿಸಿ ಸೇವ್ ಒತ್ತುತ್ತೀರಿ, ಅದು ತನಗೆ ಗೊತ್ತಿರುವಷ್ಟನ್ನು ಬರೆದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಫೈಲ್ ಹೆಸರು ಅದೇ. ತೆರೆದರೆ ಚಿತ್ರವೂ ಅದೇ. ಫೈಲ್ ಸೈಜ್ ದಿಢೀರ್ ಇಳಿದಿದ್ದರೆ ಅದೊಂದೇ ಸುಳಿವು.

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೂ ಇದೇ ಗತಿ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. ಸೈಟ್‌ನಲ್ಲಿರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಬಣ್ಣ ನೋಡಿ ಉಷ್ಣತೆ ವಾಪಸ್ ಕಂಡುಹಿಡಿಯಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಸರಿಯಾಗಿ ಆಗುವುದಿಲ್ಲ. 20ರಿಂದ 120 ಡಿಗ್ರಿವರೆಗಿನ ಸ್ಕೇಲನ್ನು 256 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಮೆಟ್ಟಿಲು ಸುಮಾರು 0.4 ಡಿಗ್ರಿ. ಕ್ಯಾಮೆರಾ 0.05 ಡಿಗ್ರಿ ವ್ಯತ್ಯಾಸವನ್ನೂ ಗುರುತಿಸಿರಬಹುದು, ಅದು ಹೋಯಿತು. ಸ್ಕೇಲ್ ಆಟೋದಲ್ಲಿದ್ದರೆ ಒಂದು ಫೋಟೋದ ಕೆಂಪಿಗೂ ಇನ್ನೊಂದರ ಕೆಂಪಿಗೂ ಸಂಬಂಧವೇ ಇರುವುದಿಲ್ಲ. ಮೇಲೆ ಜೆಪೆಗ್ ಕಂಪ್ರೆಷನ್ ಬಣ್ಣಗಳನ್ನು ಅಕ್ಕಪಕ್ಕ ಕಲಸಿರುತ್ತದೆ.

ಹಾಗಾದರೆ ಫಾರ್ಮ್ಯಾಟ್ ಬದಲಿಸಲೇಬಾರದಾ? ಬದಲಿಸಲೇಬೇಕಾಗುತ್ತದೆ. ಸೋಲಾರ್ ಪ್ಲಾಂಟ್‌ನ ಡ್ರೋನ್ ಸರ್ವೆಯಲ್ಲಿ ಸಾವಿರಾರು ಫೋಟೋಗಳನ್ನು ಹೊಲಿದು ಒಂದೇ ನಕ್ಷೆ ಮಾಡಬೇಕು. ಅದಕ್ಕೆ ಬಳಸುವ ಎಷ್ಟೋ ಸಾಫ್ಟ್‌ವೇರ್‌ಗಳು ಟಿಫ್ ಅನ್ನುವ ಚಿತ್ರದ ಫಾರ್ಮ್ಯಾಟ್ ಕೇಳುತ್ತವೆ. ಆದರೆ ಟಿಫ್ ಅಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ಒಂದು ಪಿಕ್ಸೆಲ್‌ನಲ್ಲಿ 30315 ಅಂತಿದೆ ಅನ್ನಿ. ಅದು ಸೆನ್ಸರ್‌ನ ಕಚ್ಚಾ ಸಂಖ್ಯೆ ಇರಬಹುದು. ಕೆಲ್ವಿನ್‌ನ ನೂರನೇ ಒಂದು ಭಾಗದ ಲೆಕ್ಕವಾದರೆ 303.15 ಕೆಲ್ವಿನ್, ಅಂದರೆ ಸರಿಯಾಗಿ 30 ಡಿಗ್ರಿ. ಕೆಲವು ಕ್ಯಾಮೆರಾಗಳಲ್ಲಿ ಒಂದು ಅಂಕಿಗೆ 0.04 ಕೆಲ್ವಿನ್. ಆ ಲೆಕ್ಕದಲ್ಲಿ ಇದೇ ಸಂಖ್ಯೆ 1212 ಕೆಲ್ವಿನ್ ದಾಟುತ್ತದೆ. ಯಾವ ಲೆಕ್ಕ ಅಂತ ಫೈಲ್ ಜೊತೆಗೇ ಬರೆದಿಡದಿದ್ದರೆ ಆರು ತಿಂಗಳಾದ ಮೇಲೆ ಬರೆದವರಿಗೇ ನೆನಪಿರುವುದಿಲ್ಲ.

ಸ್ವಂತ ಪ್ರೋಗ್ರಾಂ ಬರೆದು ಬದಲಿಸುವವರು ಇನ್ನೂ ಹುಷಾರಾಗಿರಬೇಕು. ಪೈಥಾನ್‌ನ ಓಪನ್‌ಸಿವಿಯಲ್ಲಿ ಚಿತ್ರ ಓದಿ ಬರೆದರೆ ಮೆಟಾಡೇಟಾ, ಅಂದರೆ ಚಿತ್ರದ ಜೊತೆ ಇರುವ ಅದರ ಬಗೆಗಿನ ಮಾಹಿತಿ, ಪೂರ್ತಿ ಹೋಗುತ್ತದೆ. ಬೇರೆ ಏನೂ ಹೇಳದಿದ್ದರೆ 16 ಬಿಟ್ ಚಿತ್ರವನ್ನೂ ಅದು 8 ಬಿಟ್‌ಗೆ ಇಳಿಸಿಯೇ ಓದುತ್ತದೆ. ಪೈಥಾನ್‌ನದೇ ಇನ್ನೊಂದು ಲೈಬ್ರರಿ ಪಿಲ್ಲೋದಲ್ಲಿ ಎಕ್ಸಿಫನ್ನು (ಕ್ಯಾಮೆರಾ ಬರೆಯುವ ಸಮಯ, ಸೆಟ್ಟಿಂಗ್‌ಗಳಂಥ ಮೆಟಾಡೇಟಾ) ನಾವೇ ಎತ್ತಿ ಕೊಡದಿದ್ದರೆ ಹೊಸ ಫೈಲ್‌ಗೆ ಬರುವುದಿಲ್ಲ. ಫ್ಲಿರ್ ಫೈಲ್‌ನಲ್ಲಿ ಇನ್ನೊಂದು ತೊಡಕಿದೆ. ಒಳಗಿನ ಕಚ್ಚಾ ಚಿತ್ರ ಪಿಎನ್‌ಜಿ ಆಗಿದ್ದರೆ ಅದರ ಎರಡು ಬೈಟ್‌ಗಳು ಹಿಂದುಮುಂದಾಗಿ ಕೂತಿರುತ್ತವೆ. ಸರಿಮಾಡದೆ ಓದಿದರೆ 15000 ಇರಬೇಕಾದಲ್ಲಿ 38970 ಕಾಣುತ್ತದೆ. ಪಕ್ಕದ 15001 ಹೋಗಿ 39226 ಆಗುತ್ತದೆ. ನಯವಾಗಿರಬೇಕಾದ ಗೋಡೆಯ ಚಿತ್ರ ಜೀಬ್ರಾ ಪಟ್ಟೆಯಂತೆ ಕಂಡರೆ ಕಾರಣ ಇದೇ.

ಮೆಟಾಡೇಟಾ ನಕಲು ಮಾಡಲು ನಾನು ಬಳಸುವುದು ಎಕ್ಸಿಫ್‌ಟೂಲ್. ಕೆನಡಾದ ಫಿಲ್ ಹಾರ್ವೆ ಅವರು 2003ರಿಂದ ಬೆಳೆಸಿಕೊಂಡು ಬಂದ ಉಚಿತ ತಂತ್ರಾಂಶ. ನಮ್ಮ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಉಪಕಾರ ಮಾಡಿದ ಸಾಫ್ಟ್‌ವೇರ್ ನಾನು ಕಂಡಿಲ್ಲ. ಜೆಪೆಗ್‌ನಿಂದ ಟಿಫ್‌ಗೆ ಸಮಯ, ಜಿಪಿಎಸ್, ಎಕ್ಸ್‌ಎಂಪಿ (ಎಕ್ಸಿಫ್‌ನಂತೆಯೇ ಇನ್ನೊಂದು ಬಗೆಯ ಮೆಟಾಡೇಟಾ) ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ದಾಟಿಸುತ್ತದೆ. ಆದರೆ ಫ್ಲಿರ್‌ನ ಎಮಿಸಿವಿಟಿ, ಪ್ಲಾಂಕ್ ಸ್ಥಿರಾಂಕಗಳನ್ನು ಅದು ಓದಿ ತೋರಿಸುತ್ತದೆಯೇ ಹೊರತು ಹೊಸ ಫೈಲ್‌ನಲ್ಲಿ ಬರೆಯುವುದಿಲ್ಲ. ಹಾಗಾಗಿ ಪ್ರತಿ ಫೋಟೋಕ್ಕೂ ಅವನ್ನೆಲ್ಲ ಒಂದು ಟೆಕ್ಸ್ಟ್ ಫೈಲ್‌ಗೆ ಇಳಿಸಿ ಅದೇ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತೇನೆ.

ಇಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಮಾತೊಂದಿದೆ. ಮೆಟಾಡೇಟಾ ಉಳಿಸಿ ಅಂದರೆ ಕಣ್ಣುಮುಚ್ಚಿ ಎಲ್ಲವನ್ನೂ ನಕಲು ಮಾಡಿ ಅಂತಲ್ಲ. ಮೆಟಾಡೇಟಾ ಪಿಕ್ಸೆಲ್‌ಗಳ ಬಗ್ಗೆ ಏನೋ ಹೇಳುತ್ತಿರುತ್ತದೆ. ಪಿಕ್ಸೆಲ್ ಬದಲಾದಾಗ ಕೆಲವು ಮಾತು ಸುಳ್ಳಾಗುತ್ತವೆ. ಫೋಟೋ ತಿರುಗಿಸಬೇಕು ಅನ್ನುವ ಓರಿಯೆಂಟೇಷನ್ ಟ್ಯಾಗನ್ನೇ ನೋಡಿ. ಬದಲಿಸುವಾಗ ಚಿತ್ರವನ್ನು ನಿಜವಾಗಿಯೇ ತಿರುಗಿಸಿ, ಆಮೇಲೆ ಹಳೇ ಟ್ಯಾಗನ್ನೂ ನಕಲು ಮಾಡಿದರೆ ಮುಂದಿನ ಸಾಫ್ಟ್‌ವೇರ್ ಇನ್ನೊಂದು ಸಲ ತಿರುಗಿಸುತ್ತದೆ. ಅದು ಕಣ್ಣಿಗೆ ಕಾಣುವ ತಪ್ಪು, ಸಿಕ್ಕಿಬೀಳುತ್ತದೆ. ಎಮಿಸಿವಿಟಿಯಲ್ಲಾದರೆ ಸಿಕ್ಕಿಬೀಳುವುದಿಲ್ಲ. 0.80 ಹಾಕಿ ಲೆಕ್ಕ ಮಾಡಿ ಉಷ್ಣತೆಯನ್ನೇ ಟಿಫ್‌ನಲ್ಲಿ ಬರೆದಿದ್ದೀರಿ ಅನ್ನಿ. ಪಕ್ಕದ ಫೈಲ್‌ನಲ್ಲಿ ಬರೀ 'ಎಮಿಸಿವಿಟಿ 0.80' ಅಂತಿದೆ. ಮುಂದೆ ಅದನ್ನು ತೆಗೆದವರು ಇನ್ನೂ ಸರಿಮಾಡಿಲ್ಲ ಅಂದುಕೊಂಡು ಮತ್ತೊಮ್ಮೆ 0.80 ಹಾಕುತ್ತಾರೆ. 65 ಇದ್ದದ್ದು 70 ದಾಟುತ್ತದೆ. ಚಿತ್ರ ಚೆನ್ನಾಗೇ ಕಾಣುತ್ತದೆ. ಅದಕ್ಕೇ ನಾನು ಪೂರ್ತಿ ವಾಕ್ಯ ಬರೆಯುತ್ತೇನೆ: "ಈ ಪಿಕ್ಸೆಲ್‌ಗಳು ಸೆಲ್ಸಿಯಸ್ ಡಿಗ್ರಿಯಲ್ಲಿವೆ. ಎಮಿಸಿವಿಟಿ 0.80, ರಿಫ್ಲೆಕ್ಟೆಡ್ 30 ಡಿಗ್ರಿ ಹಾಕಿ ಆಗಿದೆ. ಮತ್ತೆ ಹಾಕಬೇಡಿ."

ಡ್ರೋನ್ ಫೋಟೋಗಳಲ್ಲಿ ಬೇರೆ ಪಾಡು. ಡ್ರೋನ್ ಮೇಲೆದ್ದ ಜಾಗದಿಂದ ಎಷ್ಟು ಎತ್ತರದಲ್ಲಿ ತೆಗೆದದ್ದು, ಕ್ಯಾಮೆರಾ ಹಿಡಿದಿರುವ ಗಿಂಬಲ್ ಯಾವ ಕಡೆ ತಿರುಗಿತ್ತು ಅನ್ನುವುದನ್ನು ಡಿಜೆಐ ಎಕ್ಸ್‌ಎಂಪಿಯಲ್ಲಿ ಬರೆಯುತ್ತದೆ, ಎಕ್ಸಿಫ್‌ನಲ್ಲಿ ಅಲ್ಲ. ಎಕ್ಸಿಫ್ ಒಂದನ್ನೇ ದಾಟಿಸಿದರೆ ಇವು ಹಳೇ ಫೈಲ್‌ನಲ್ಲೇ ಉಳಿದುಬಿಡುತ್ತವೆ. ಜಿಪಿಎಸ್‌ನಲ್ಲಿ ಅಂಕಿಗಳ ಜೊತೆ ಉತ್ತರವೋ ದಕ್ಷಿಣವೋ, ಪೂರ್ವವೋ ಪಶ್ಚಿಮವೋ ಅನ್ನುವ ಅಕ್ಷರ ಬೇರೆ ಟ್ಯಾಗ್‌ನಲ್ಲಿರುತ್ತದೆ. ನಮ್ಮದು ಉತ್ತರ ಮತ್ತು ಪೂರ್ವ. ಆ ಅಕ್ಷರ ಬಿದ್ದುಹೋದರೂ ನಕ್ಷೆ ಸರಿಯಾಗೇ ಬರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮವರು ಅದೇ ಪ್ರೋಗ್ರಾಂ ಬಳಸಿದರೆ ವಾಷಿಂಗ್ಟನ್ ಪಕ್ಕದ ಪ್ಲಾಂಟ್ ಚೀನಾದ ಯಾರ್ಕಂದ್ ಕಡೆ ಹೋಗಿ ಕೂರುತ್ತದೆ.

ಸಮಯದ ವಿಷಯವನ್ನು ಜಾಸ್ತಿ ಜನ ಹಗುರವಾಗಿ ತಗೊಳ್ಳುತ್ತಾರೆ. ಸೋಲಾರ್ ಪ್ಯಾನೆಲ್‌ಗಳ ಥರ್ಮಲ್ ತಪಾಸಣೆಗೆ ಇರುವ ಐಇಸಿ 62446-3 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪ್ಯಾನೆಲ್ ಮೇಲೆ ಚದರ ಮೀಟರ್‌ಗೆ ಕನಿಷ್ಠ 600 ವಾಟ್ ಬಿಸಿಲು ಬೀಳುತ್ತಿರಬೇಕು. ಬಿಸಿಲಿನ ಲೆಕ್ಕ ಕ್ಯಾಮೆರಾದಲ್ಲಿ ಇರುವುದಿಲ್ಲ, ಪ್ಲಾಂಟ್‌ನ ಲಾಗರ್‌ನಲ್ಲಿ ಇರುತ್ತದೆ. ಎರಡನ್ನೂ ಜೋಡಿಸುವುದು ಫೋಟೋ ತೆಗೆದ ಸಮಯ. ಕ್ಯಾಮೆರಾ ಸಮಯ ನಮ್ಮದು, ಜಿಪಿಎಸ್ ಸಮಯ ಯುಟಿಸಿ, ನಡುವೆ ಐದೂವರೆ ಗಂಟೆ. ಆ ಅಂತರವನ್ನೇ ಬರೆದಿಡುವ ಟ್ಯಾಗ್ 2016ರಲ್ಲಿ ಎಕ್ಸಿಫ್‌ಗೆ ಸೇರಿತು, ಆದರೆ ಎಲ್ಲ ಕ್ಯಾಮೆರಾಗಳೂ ಅದನ್ನು ತುಂಬುವುದಿಲ್ಲ. ಫಾರ್ಮ್ಯಾಟ್ ಬದಲಿಸಿದ ದಿನವನ್ನೇ ಫೋಟೋ ತೆಗೆದ ದಿನ ಅಂತ ಓದುವ ಸಾಫ್ಟ್‌ವೇರ್‌ಗಳೂ ಇವೆ. ಪಾವಗಡದಂಥ ಕಡೆ ಮೋಡದ ನೆರಳು ಬಂದು ಹೋಗಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಫೋಟೋ ಯಾವುದು ಅಂತ ಗೊತ್ತಾಗದಿದ್ದರೆ ಕೆಟ್ಟ ಪ್ಯಾನೆಲ್ಲೂ ಒಳ್ಳೆಯದರ ಥರ ಕಂಡುಬಿಡುತ್ತದೆ.

ಬದಲಿಸಿದ ಮೇಲೆ ನಾನು ತಪ್ಪದೆ ಮಾಡುವುದು ಇಷ್ಟು. ಯಾವುದಾದರೂ ಮೂರು ಫೋಟೋ ಆರಿಸುತ್ತೇನೆ. ಒಂದೊಂದರಲ್ಲೂ ಬಿಸಿ ಜಾಗದ್ದೊಂದು, ತಣ್ಣನೆ ಜಾಗದ್ದೊಂದು ಪಿಕ್ಸೆಲ್ ಹಿಡಿದು ತಯಾರಕರ ಸಾಫ್ಟ್‌ವೇರ್‌ನಲ್ಲಿ ಒರಿಜಿನಲ್ ಏನು ಹೇಳುತ್ತದೆ, ಹೊಸ ಟಿಫ್ ಏನು ಹೇಳುತ್ತದೆ ಅಂತ ಪಕ್ಕಪಕ್ಕ ಬರೆಯುತ್ತೇನೆ. ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮುಂದೆ ಹೋಗುವುದಿಲ್ಲ. ಒರಿಜಿನಲ್‌ಗಳನ್ನು ಎರಡು ಡಿಸ್ಕ್‌ನಲ್ಲಿ, ಬದಲಿಸಲಾಗದಂತೆ ರೀಡ್ ಓನ್ಲಿ ಮಾಡಿ ಇಡುತ್ತೇನೆ. ರಿಪೋರ್ಟ್ ಜೊತೆ ಗ್ರಾಹಕರಿಗೂ ಒಂದು ಪ್ರತಿ ಕೊಡುತ್ತೇನೆ. ಅದು ಅವರ ಪ್ಯಾನೆಲ್‌ನ ದಾಖಲೆ, ನಮ್ಮದಲ್ಲ.

ಆ ಕಾರ್ಖಾನೆಯ ಕಥೆಗೆ ಬರುತ್ತೇನೆ. ಉತ್ತರ ಸಿಕ್ಕಿದ್ದು ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್ ಮೊಬೈಲ್‌ನಲ್ಲಿ. ಹೋದ ವರ್ಷ ತಪಾಸಣೆ ನಡೆಯುವಾಗ ಪಕ್ಕದಲ್ಲೇ ನಿಂತಿದ್ದ ಅವರು ಕ್ಯಾಮೆರಾ ಪರದೆಯದೇ ಒಂದು ಫೋಟೋ ಹೊಡೆದುಕೊಂಡಿದ್ದರು. ಪರದೆ ಓರೆಯಾಗಿತ್ತು, ಟ್ಯೂಬ್‌ಲೈಟ್ ಬೆಳಕು ಅರ್ಧಕ್ಕೆ ಬಿದ್ದಿತ್ತು. ಆದರೂ ಕೆಳಗಿನ ಮೂಲೆಯಲ್ಲಿ ಎಮಿಸಿವಿಟಿ 0.95, ರಿಫ್ಲೆಕ್ಟೆಡ್ 30 ಅಂತ ಓದಲು ಬರುತ್ತಿತ್ತು. ಅವರ ಲಾಗ್‌ಬುಕ್‌ನಲ್ಲಿ ಆ ದಿನದ ಮೂರೂ ಫೇಸ್‌ನ ಕರೆಂಟ್ ಇತ್ತು, ಈ ವರ್ಷದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಎರಡು ವರ್ಷದ ಬಿಸಿಯೂ ಒಂದೇ. ಮ್ಯಾನೇಜರ್‌ಗೆ ಹೇಳಿದೆ: "ಇವತ್ತು ಬೇಡ ಸಾರ್. ಮೊದಲೇ ಗೊತ್ತು ಮಾಡಿರೋ ಶಟ್‌ಡೌನ್‌ನಲ್ಲಿ ಬಿಚ್ಚಿ, ಸ್ವಚ್ಛ ಮಾಡಿ, ಟಾರ್ಕ್ ನೋಡಿ ಬಿಗಿ ಮಾಡಿಸಿ."

ಆ ಶಟ್‌ಡೌನ್‌ನಲ್ಲಿ ಎಲೆಕ್ಟ್ರಿಷಿಯನ್ ಇನ್ನೊಂದು ಕೆಲಸವನ್ನೂ ಮಾಡಿದರು. ಮೂರೂ ಲಗ್‌ಗಳ ಮೇಲೆ ಬೆರಳಗಲದ ಕಪ್ಪು ಟೇಪ್ ಸುತ್ತಿದರು. ಪ್ಯಾನೆಲ್ ಬಾಗಿಲ ಒಳಗೆ ಬಿಳಿ ಪೇಂಟ್‌ನಲ್ಲಿ "ಟೇಪ್ ಮೇಲೆ ನೋಡಿ, 0.95" ಅಂತ ಬರೆದು ತಾರೀಖು ಹಾಕಿದರು. ಮುಂದಿನ ಸಲ ಹೋದಾಗ ನಾನು ಅವರನ್ನು ಏನೂ ಕೇಳಬೇಕಾಗಲಿಲ್ಲ. ಬಾಗಿಲು ತೆಗೆದು, ಓದಿಕೊಂಡು, ಕ್ಯಾಮೆರಾದಲ್ಲಿ 0.95 ಇಟ್ಟೆ.