ತೂಕದ ಹೊದಿಕೆ ಕೊಳ್ಳುವ ಮೊದಲು

ಆಟಿಸಂ ಇರುವ ಮಗುವಿನೊಂದಿಗೆ ಪೋಷಕರು ನಮ್ಮಲ್ಲಿಗೆ ಬರುವ ಹೊತ್ತಿಗೆ ಮಗುವನ್ನು ಶಾಂತಗೊಳಿಸುವುದೆಂದು ಮಾರುವ ಅರ್ಧ ಸಾಮಾನು ಆನ್‌ಲೈನ್‌ನಲ್ಲಿ ಕೊಂಡಾಗಿರುತ್ತದೆ. ಹೆಚ್ಚು ದುಡ್ಡು ಹೋಗಿರುವುದು ತೂಕದ ಹೊದಿಕೆಗೆ, ಅಂದರೆ ಒಳಗೆ ಮಣಿಗಳಂಥ ಭಾರ ತುಂಬಿ ಹೊಲಿದ ಹೊದಿಕೆಗೆ. ಹೊದಿಸಿದರೆ ಮಗು ಚೆನ್ನಾಗಿ ನಿದ್ರಿಸುತ್ತದೆ ಎಂಬ ಆಸೆ. ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ನಾನು ಇದಕ್ಕೆ ಸುಲಭವಾಗಿ ಹೂಂಗುಟ್ಟುವುದಿಲ್ಲ.

2014ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ, ಆಟಿಸಂ ಮತ್ತು ನಿದ್ರೆಯ ತೊಂದರೆ ಎರಡೂ ಇದ್ದ ಮಕ್ಕಳಿಗೆ ಕೆಲವು ದಿನ ತೂಕದ ಹೊದಿಕೆ, ಕೆಲವು ದಿನ ಸಾಧಾರಣ ಹೊದಿಕೆ ಕೊಟ್ಟು ನೋಡಿದರು. ನಿದ್ರೆಯ ಅವಧಿ ಹೆಚ್ಚಲಿಲ್ಲ. ಆದರೂ ಮಕ್ಕಳೂ ಪೋಷಕರೂ ತೂಕದ್ದನ್ನೇ ಮೆಚ್ಚಿದರು! ಹಾಗಾಗಿ ಮಗುವಿಗೆ ಹಿತವೆನಿಸಿದರೆ ಬಳಸಿ, ನಿದ್ರೆಯ ಮದ್ದೆಂದು ಕೊಳ್ಳಬೇಡಿ. ಎಷ್ಟು ತೂಕ ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಮಗು ಯಾರ ನೆರವೂ ಇಲ್ಲದೆ ಅದನ್ನು ಸರಿಸಿ ಎದ್ದು ಬರಬಲ್ಲುದೇ ಎಂಬುದು. ಬರಲಾರದಾದರೆ ಬೇಡ. ಹಸುಗೂಸುಗಳಿಗಂತೂ ಬೇಡವೇ ಬೇಡ.

ಬೇರೆ ಸಾಧನಗಳನ್ನು ಕೊಳ್ಳುವ ಮೊದಲೂ ಮಗುವನ್ನು ಗಮನಿಸಿ. ಒಂದೇ ಮಗು ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡಬಹುದು, ಸೋಫಾದ ಮೇಲಿಂದ ಹಗಲೆಲ್ಲ ಜಿಗಿಯಲೂಬಹುದು. ಸದ್ದು ಅದಕ್ಕೆ ಹೆಚ್ಚಾಯಿತು, ಚಲನೆ ಸಾಲದಾಯಿತು. ಆದ್ದರಿಂದ ಮಗು ಹೀಗೆ ಮಾಡಿದಾಗಲೆಲ್ಲ ಒಂದು ವಾರ ಬರೆದಿಡಿ: ಯಾವ ಹೊತ್ತು, ಯಾವ ಜಾಗ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು. ಆಮೇಲೆ ಒಂದು ತೊಂದರೆಗೆ ಒಂದೇ ಸಾಧನ. ನಾಲ್ಕನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.

ಕಿವಿಯನ್ನು ಪೂರ್ತಿ ಮುಚ್ಚಿ ಸದ್ದು ತಡೆಯುವ ಇಯರ್‌ಮಫ್ ಕಲ್ಯಾಣಮಂಟಪಕ್ಕೆ, ದೀಪಾವಳಿಯ ಪಟಾಕಿಗೆ ಸರಿ. ಬೆಳಗಿನಿಂದ ರಾತ್ರಿಯವರೆಗೆ ಹಾಕಿಟ್ಟರೆ ಮನೆಮಾತೂ ಕೇಳಿಸದು, ಸಣ್ಣ ಸದ್ದನ್ನು ತಾಳುವ ಅಭ್ಯಾಸವೂ ಆಗದು. ರಸ್ತೆ ದಾಟುವಾಗ ತೆಗೆಯಿಸಿ. ಕರೆದರೆ ತಿರುಗಿ ನೋಡದ ಮಗುವಿಗೆ ಮೊದಲು ಶ್ರವಣ ಪರೀಕ್ಷೆಯಾಗಲಿ.

ಚಲನೆ ಬೇಡುವ ಮಗುವಿಗೆ ಮನೆಗೆಲಸವೇ ಸಾಕಾಗುವುದುಂಟು. ನೀರು ತುಂಬಿದ ಕೊಡ ಎತ್ತಿಡುವುದು, ಚಪಾತಿ ಹಿಟ್ಟು ನಾದುವುದು, ಹಾಸಿಗೆ ಸುತ್ತಿಡುವುದು, ಇವೆಲ್ಲ ಸ್ನಾಯು ಮತ್ತು ಕೀಲುಗಳಿಗೆ ಕೆಲಸ ಕೊಡುತ್ತವೆ. ಉಯ್ಯಾಲೆಯನ್ನು ಹಿಂದೆ ಮುಂದೆ ತೂಗಿ, ಗಿರಗಿರನೆ ತಿರುಗಿಸಬೇಡಿ. ತಲೆ ಸುತ್ತಿದ ಸುಳಿವೇ ಕೊಡದ ಮಕ್ಕಳು ಆಮೇಲೆ ವಾಂತಿ ಮಾಡಿಕೊಳ್ಳುತ್ತಾರೆ.

ಅಂಗಿಯ ಕಾಲರ್ ಕಚ್ಚುವ ಮಗುವಿಗೆ ಅಗಿಯಲೆಂದೇ ತಯಾರಾದ ಗಟ್ಟಿ ಸಿಲಿಕೋನ್ (ರಬ್ಬರಿನಂಥ ವಸ್ತು) ಸಾಧನ ಕೊಡಬಹುದು. ಬಿರುಕು ಕಂಡ ದಿನವೇ ಎಸೆಯಿರಿ. ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುತ್ತಿದ್ದರೆ ಮಾತ್ರ ಅಂಗಡಿಗೆ ಹೋಗುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಕೊರತೆ ಇರಬಹುದು.