ಬೆಳಿಗ್ಗೆ ಸರಿಯಿದ್ದ ಮೈಕ್ ರಾತ್ರಿ ಮಾತು ನುಂಗುವುದೇಕೆ?

ಕೊಪ್ಪಳ ಜಿಲ್ಲೆಯ ಹಳ್ಳಿಗಳ ದೊಡ್ಡಾಟಕ್ಕೂ ಈಗ ಕಾರ್ಡ್‌ಲೆಸ್ ಮೈಕುಗಳು ಬಂದಿವೆ. ರಂಗದ ಮುಂದೆ ತೂಗುಬಿಟ್ಟ ಒಂದೆರಡು ಮೈಕುಗಳ ಕೆಳಗೇ ಬಂದು ನಿಂತು ಮಾತಾಡಬೇಕಿದ್ದ ಪಾತ್ರಧಾರಿಗಳು ಈಗ ರಂಗದ ತುಂಬ ಕುಣಿಯುತ್ತಲೇ ಮಾತಾಡಬಲ್ಲರು. ಆದರೆ ಅಂಥದೊಂದು ಆಟದಲ್ಲಿ, ನಡುರಾತ್ರಿಯ ಹೊತ್ತಿಗೆ, ರಾಜನ ಪಾತ್ರಧಾರಿಯ ಮಾತು ಮೂರು ಸಲ ಪೂರ್ತಿ ಮಾಯವಾದದ್ದನ್ನು ನಾನು ಕಂಡಿದ್ದೇನೆ. ಗರಗರ ಸದ್ದಿರಲಿಲ್ಲ, ಶಿಳ್ಳೆಯೂ ಇರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಸೌಂಡಿನ ಹುಡುಗರು ಬೆಳಿಗ್ಗೆ ಅದೇ ಮೈಕನ್ನು ಹಿಡಿದು ಬಯಲಿನ ತುದಿಯವರೆಗೂ ನಡೆದು ಪರೀಕ್ಷೆ ಮಾಡಿದ್ದರು. ಅವರು ನಡೆದಾಗ ಬಯಲು ಖಾಲಿಯಿತ್ತು, ರಾತ್ರಿ ಅಲ್ಲಿ ಊರಿಗೆ ಊರೇ ಕೂತಿತ್ತು. ತೊಂದರೆಯ ಮೂಲ ಬಹುಮಟ್ಟಿಗೆ ಇಷ್ಟರಲ್ಲೇ ಇದೆ.

ಹಳೆಯ ಅನಲಾಗ್ ಮೈಕಿಗೆ ಬೇರೆ ರೇಡಿಯೋ ಅಲೆ ಅಡ್ಡ ಬಂದರೆ ಅದು ಮೊದಲು ಗೊರಗುಟ್ಟುತ್ತಿತ್ತು, ಆಮೇಲೆ ಕೆಡುತ್ತಿತ್ತು. ಡಿಜಿಟಲ್ ಮೈಕು ಧ್ವನಿಯನ್ನು ಸೊನ್ನೆ ಮತ್ತು ಒಂದುಗಳ ಸಾಲಾಗಿ ಬದಲಿಸಿ ಕಳುಹಿಸುತ್ತದೆ. ಆ ಸಾಲಿನಲ್ಲಿ ಕೆಲವು ಅಂಕಿಗಳು ದಾರಿಯಲ್ಲಿ ಕೆಟ್ಟರೂ ಜೊತೆಗೆ ಕಳುಹಿಸಿದ ಹೆಚ್ಚುವರಿ ಅಂಕಿಗಳ ನೆರವಿನಿಂದ ರಿಸೀವರ್, ಅಂದರೆ ಮೈಕಿನ ಅಲೆಗಳನ್ನು ಹಿಡಿದುಕೊಳ್ಳುವ ಪೆಟ್ಟಿಗೆ, ಅವನ್ನು ತಿದ್ದಿಕೊಳ್ಳುತ್ತದೆ. ತಿದ್ದಲಾಗದಷ್ಟು ಕೆಟ್ಟಾಗ, ಕರ್ಕಶ ಸದ್ದನ್ನು ಹೊರಬಿಡುವ ಬದಲು ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಸೋಲಿನ ಅಂಚಿಗೆ ಬಂದು ನಿಂತ ಮೈಕೂ ಕಿವಿಗೆ ಸೊಗಸಾಗಿಯೇ ಕೇಳುತ್ತಿರುತ್ತದೆ. ಈ ಮೈಕುಗಳ ಮಟ್ಟಿಗೆ ಕಿವಿಯನ್ನು ನಂಬುವುದಕ್ಕಿಂತ ರಿಸೀವರಿನ ಮುಖದ ಮೇಲೆ ಸಿಗ್ನಲ್ ತೋರಿಸುವ ಪಟ್ಟಿಗಳನ್ನು ನೋಡುತ್ತಿರುವುದು ಮೇಲು.

ಅಗ್ಗದ ಡಿಜಿಟಲ್ ಮೈಕುಗಳಲ್ಲಿ ಬಹುಪಾಲು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ರೇಡಿಯೋ ಅಲೆಗಳ ಕಂಪನಸಂಖ್ಯೆಯ ಒಂದು ಪಟ್ಟಿಯಲ್ಲಿ. ನಮ್ಮ ದೇಶದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಈ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ. ಬೇಲಿಯಿಲ್ಲದ ಗೋಮಾಳದಂಥ ಜಾಗವಾದ್ದರಿಂದ ವೈಫೈ, ಬ್ಲೂಟೂತ್, ಮೊಬೈಲ್ ಹಾಟ್‌ಸ್ಪಾಟ್ ಎಲ್ಲವೂ ಅಲ್ಲೇ ಮೇಯುತ್ತವೆ. ಒಂದು ವೈಫೈ ಚಾನೆಲ್ ಕನಿಷ್ಠ 20 ಮೆಗಾಹರ್ಟ್ಸ್ ಅಗಲ ಹಿಡಿಯುವುದರಿಂದ ಒಂದರ ಮೇಲೊಂದು ಬೀಳದಂತೆ ಅಲ್ಲಿ ಕೂರುವ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಪ್ರೇಕ್ಷಕರ ಮೊಬೈಲ್‌ಗಳನ್ನು ಯಾರೂ ಆರಿಸಲಾರರು. ಆದರೆ ಆಟವನ್ನು ಯೂಟ್ಯೂಬಿಗೆ ಲೈವ್ ಬಿಡುವವರು ರಂಗದ ಪಕ್ಕದಲ್ಲೇ ಇಟ್ಟುಕೊಳ್ಳುವ ರೂಟರ್ ನಮ್ಮ ಕೈಯಳತೆಯಲ್ಲಿದೆ. ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ಎಂದು ಕೇಳಿಕೊಂಡರೆ ಎರಡು ನಿಮಿಷದ ಕೆಲಸ. ಹೊಸ ಮೈಕು ಕೊಳ್ಳುವುದಕ್ಕಿಂತ ಇದನ್ನೇ ಮೊದಲು ಮಾಡಿ ನೋಡುವುದು ಒಳ್ಳೆಯದು.

ದುಬಾರಿ ಮೈಕುಗಳು ಯುಎಚ್‌ಎಫ್ ಬ್ಯಾಂಡಿನವು, ಅಂದರೆ 2.4 ಗಿಗಾಹರ್ಟ್ಸ್‌ಗಿಂತ ಕೆಳಗೆ, ಕೆಲವು ನೂರು ಮೆಗಾಹರ್ಟ್ಸ್‌ಗಳಲ್ಲಿ ಕೆಲಸ ಮಾಡುವಂಥವು. ಅಲ್ಲಿ ಜನಸಂದಣಿ ಕಡಿಮೆ, ಆದರೆ ಜಾಗ ಬದಲಾಗುತ್ತಲೇ ಇದೆ. 2022ರ ಆಗಸ್ಟ್ 1ರಂದು ಮುಗಿದ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ ಮೊಬೈಲ್ ಸೇವೆಗೆ ಹೋಯಿತು. ಫೋನಿನಿಂದ ಟವರಿಗೆ ಹೋಗುವ ಅಲೆಗಳಿಗೆ 703ರಿಂದ 748, ಟವರಿನಿಂದ ಫೋನಿಗೆ ಬರುವ ಅಲೆಗಳಿಗೆ 758ರಿಂದ 803 ಮೆಗಾಹರ್ಟ್ಸ್ ಮೀಸಲು. ಈ ಅಂಕಿಗಳ ನಡುವೆ ಕೆಲಸ ಮಾಡುವ ಹಳೆಯ ಸೆಟ್ಟುಗಳು ನಿಮ್ಮಲ್ಲಿದ್ದರೆ ಅವನ್ನು ದುರಸ್ತಿಗೆ ಒಯ್ಯುವುದರಿಂದ ಉಪಯೋಗವಿಲ್ಲ.

ಇನ್ನು ಜನರ ಮೈಯ ವಿಷಯ. ಮನುಷ್ಯನ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅದು ಈ ಅಲೆಗಳನ್ನು, ಅದರಲ್ಲೂ 2.4 ಗಿಗಾಹರ್ಟ್ಸ್‌ನವನ್ನು, ಚೆನ್ನಾಗಿ ಹೀರುತ್ತದೆ. ನಮ್ಮಲ್ಲಿ ಎಲ್ಲ ಮೈಕುಗಳ ಧ್ವನಿಯನ್ನು ಬೆರೆಸಿ ಹದಗೊಳಿಸುವ ಮಿಕ್ಸರ್ ಇಡುವುದು ಜನರ ಹಿಂದೆ, ರಿಸೀವರ್ ಇಡುವುದು ಮಿಕ್ಸರಿನ ಪಕ್ಕದಲ್ಲಿ. ಹಾಗಾಗಿ ರಂಗದಿಂದ ಹೊರಟ ಅಲೆ ಕೂತವರ, ಎದ್ದು ನಿಂತವರ ನಡುವೆ ನುಸುಳಿ ಬರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಬಿಟ್ಟ ನೀರೆಷ್ಟೇ ಇರಲಿ, ದಾರಿಯಲ್ಲಿ ಎಳೆದುಕೊಳ್ಳುವವರು ಬಿಟ್ಟಷ್ಟೇ ಅವರ ಗದ್ದೆಗೆ. ರಿಸೀವರನ್ನು ನಲವತ್ತು ಮೀಟರ್ ದೂರದಿಂದ ರಂಗದ ಮಗ್ಗುಲಿಗೆ, ಐದು ಮೀಟರಿಗೆ, ತಂದರೆ ದೂರ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಸಿಗ್ನಲಿನ ಬಲ ಲೆಕ್ಕದ ಪ್ರಕಾರ ಅರವತ್ತನಾಲ್ಕು ಪಟ್ಟು ಏರುತ್ತದೆ. ಅಲ್ಲಿಂದ ಮಿಕ್ಸರಿಗೆ ಧ್ವನಿಯನ್ನು ತಂತಿಯಲ್ಲೇ ಒಯ್ಯಬಹುದು. ಆಂಟೆನಾಗಳು ಪಾತ್ರಧಾರಿಗೆ ನೇರವಾಗಿ ಕಾಣುವಂತೆ ತಲೆಗಿಂತ ಎತ್ತರದಲ್ಲಿರಲಿ, ಎಲ್‌ಇಡಿ ಪರದೆಯ ಬೆನ್ನಿಗೆ ಮಾತ್ರ ಬೇಡ, ಏಕೆಂದರೆ ಆ ಪರದೆಯೂ ರೇಡಿಯೋ ಗದ್ದಲ ಹೊರಡಿಸುತ್ತದೆ.

ದೊಡ್ಡಾಟಕ್ಕೆ ಅದರದೇ ಆದ ಒಂದು ಕಷ್ಟವಿದೆ. ಭುಜಕೀರ್ತಿ, ಎದೆಕಟ್ಟುಗಳಿಗೆ ಲೋಹದ ತಗಡು ಬಳಸಿದ್ದರೆ ಅದು ಅಲೆಗಳನ್ನು ತಡೆಯುತ್ತದೆ. ಕಾಲರ್ ಮೈಕಿನ ಡಬ್ಬಿಯನ್ನು ಅದರ ಒಳಗೆ, ಬೆವರಿದ ಮೈಗೆ ಒತ್ತಿ ಕಟ್ಟಿದರೆ ಅಲೆ ಹೊರಬರುವುದು ಹೇಗೆ? ಡಬ್ಬಿ ಸೊಂಟದ ಹಿಂದಿರಲಿ, ಆಂಟೆನಾ ಬಟ್ಟೆಯ ಆಚೆ ಬಿಡುವಾಗಿ ತೂಗಲಿ. ಕೈಮೈಕಿನಲ್ಲಿ ಸಾಮಾನ್ಯವಾಗಿ ಆಂಟೆನಾ ಇರುವುದು ಬುಡದಲ್ಲಿ. ಅದನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಗಾಯಕರು ತಾವೇ ತಮ್ಮ ಧ್ವನಿಗೆ ಅಡ್ಡ ನಿಂತಂತೆ.

ಹೊರಗಿನ ಗದ್ದಲವೇನೂ ಇಲ್ಲದಿದ್ದರೂ ಮೈಕುಗಳು ತಮ್ಮತಮ್ಮಲ್ಲೇ ಜಗಳವಾಡುವುದುಂಟು. 606.0 ಮತ್ತು 606.5 ಮೆಗಾಹರ್ಟ್ಸ್‌ನ ಎರಡು ಮೈಕುಗಳು ಹತ್ತಿರ ಬಂದಾಗ ಅವುಗಳ ಮಿಶ್ರಣದಿಂದ 605.5ರಲ್ಲೂ 607.0ರಲ್ಲೂ ಯಾರೂ ಹಚ್ಚದ ಸಿಗ್ನಲ್‌ಗಳು ಹುಟ್ಟುತ್ತವೆ; ಮೂರನೆಯ ಮೈಕನ್ನು ಸಮ ಅಂತರ ಚೆಂದವೆಂದು 607.0ಕ್ಕೆ ಇಟ್ಟರೆ ಅದು ಸಿಕ್ಕಿಬೀಳುತ್ತದೆ. ಉತ್ತಮ ದರ್ಜೆಯ ಡಿಜಿಟಲ್ ಸೆಟ್ಟುಗಳಲ್ಲಿ ಈ ಮಿಶ್ರಣ ಬಹಳ ಕಡಿಮೆ, ಉಳಿದವುಗಳಲ್ಲಿ ತಯಾರಕರೇ ಕೊಟ್ಟ ಚಾನೆಲ್ ಗುಂಪನ್ನು ಮೀರದಿರುವುದು ಕ್ಷೇಮ. ಪರೀಕ್ಷೆಯೂ ಸುಲಭ: ಜನ ಸೇರಿದ ಮೇಲೆ ಎಲ್ಲ ಮೈಕುಗಳನ್ನೂ ಹಚ್ಚಿ, ಒಂದನ್ನು ಮಾತ್ರ ಆರಿಸಿ, ಅದರ ರಿಸೀವರಿನಲ್ಲಿ ಇನ್ನೂ ಸಿಗ್ನಲ್ ಕಾಣುತ್ತಿದೆಯೇ ನೋಡಬೇಕು. ಕಂಡರೆ ಆ ಚಾನೆಲ್ ಬಿಡಬೇಕು. ಹೀಗೆ ಒಂದೊಂದಾಗಿ ಎಲ್ಲವನ್ನೂ.

ನಾಲ್ಕು ಮೈಕುಗಳಿದ್ದರೆ, ಎರಡೆರಡು ಮತ್ತು ಮೂರುಮೂರು ಮೈಕುಗಳು ಸೇರಿ ಹುಟ್ಟಿಸುವ ಈ ಬಗೆಯ ಮುಖ್ಯ ಮಿಶ್ರಣಗಳು 24, ಎಂಟಾದರೆ 224. ಭಾಗವತರೂ ಅವರ ಪಕ್ಕದ ಹಾರ್ಮೋನಿಯಂನವರೂ ಬೆಳತನಕ ಒಂದೇ ಕಡೆ ಇರುವವರು. ಅವರಿಬ್ಬರಿಗೆ ತಂತಿಯ ಮೈಕನ್ನೇ ಕೊಟ್ಟರೆ ಎಂಟರಲ್ಲಿ ಆರೇ ಕಾರ್ಡ್‌ಲೆಸ್ ಉಳಿದು, 224 ಇದ್ದದ್ದು 90ಕ್ಕೆ ಇಳಿಯುತ್ತದೆ.