ಏಜೆಂಟ್ ಕೊಟ್ಟ ಲಂಚಕ್ಕೆ ಕಂಪನಿ ಯಾಕೆ ಹೊಣೆ?

ಪ್ರಶ್ನೆ: ಹೊರದೇಶದ ಅಧಿಕಾರಿಗೆ ಲಂಚ ಕೊಟ್ಟವನು ಅಲ್ಲಿನ ಏಜೆಂಟ್. ಕಂಪನಿ ಕೊಟ್ಟದ್ದು ಕಮಿಷನ್ ಮಾತ್ರ. ಹಾಗಿದ್ದರೂ ಕಂಪನಿಯ ಮೇಲೆ ಕೇಸು ನಿಲ್ಲುತ್ತದೆಯೇ?

ನಿಲ್ಲುತ್ತದೆ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಅಮೆರಿಕದ 1977ರ ಎಫ್‌ಸಿಪಿಎ, ಅಂದರೆ ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಕಾಯ್ದೆ, ಬರೆದವರಿಗೆ ಈ ಏಜೆಂಟನ ಆಟ ಚೆನ್ನಾಗಿ ಗೊತ್ತಿತ್ತು. ವಿದೇಶಿ ಅಧಿಕಾರಿಗೆ ಸೇರುತ್ತದೆಂದು ತಿಳಿದೂ ಮೂರನೆಯವನ ಕೈಗೆ ಹಣ ಕೊಡುವುದು ನೇರ ಲಂಚದಷ್ಟೇ ಅಪರಾಧ. ‘ತಿಳಿದಿತ್ತು’ ಎನ್ನಲು ತಪ್ಪೊಪ್ಪಿಗೆ ಪತ್ರವೇನೂ ಬೇಕಿಲ್ಲ. ಹಣ ಅಲ್ಲಿಗೇ ಹೋಗುವ ಸಂಭವ ಬಹಳವಿದೆ ಎಂಬ ಅರಿವಿದ್ದೂ ಕಣ್ಣು ಮುಚ್ಚಿ ಕೂತರೆ, ಕಾನೂನಿನ ಲೆಕ್ಕದಲ್ಲಿ ಅದೂ ತಿಳಿದಿದ್ದೇ. ಇನ್ನೊಂದು ಮಾತು: ಹಣ ಕೈ ಸೇರಲೇಬೇಕೆಂದಿಲ್ಲ. ಕೊಡುತ್ತೇನೆಂದು ಮಾತು ಕೊಟ್ಟರೂ, ಕೊಡಲು ಒಪ್ಪಿಗೆ ಇತ್ತರೂ ಸಾಕು.

ಅಮೆರಿಕದ ಐಟಿ ಕಂಪನಿ ಕಾಗ್ನಿಜೆಂಟ್‌ನ ಚೆನ್ನೈ ಪ್ರಕರಣ ನೋಡಿ. ಕಂಪನಿಯ ಕ್ಯಾಂಪಸ್ಸಿನ ಅನುಮತಿಗಾಗಿ 2014ರಲ್ಲಿ ತಮಿಳುನಾಡಿನ ಅಧಿಕಾರಿಯೊಬ್ಬರು 20 ಲಕ್ಷ ಡಾಲರ್ ಕೇಳಿದರು, ಅದನ್ನು ಕಟ್ಟಡದ ಗುತ್ತಿಗೆದಾರನ ಮೂಲಕ ಕೊಡಲು ಒಪ್ಪಿಗೆ ಸಿಕ್ಕಿತು, ಗುತ್ತಿಗೆದಾರನಿಗೆ ಅದನ್ನು ‘ಹೆಚ್ಚುವರಿ ಕಾಮಗಾರಿ’ಯ ಬಿಲ್ಲಿನಲ್ಲಿ ತುಂಬಿಕೊಡಲಾಯಿತು ಎಂಬುದು ಅಮೆರಿಕದ ಷೇರು ನಿಯಂತ್ರಕರ ಆರೋಪ. ತಪ್ಪನ್ನು ಒಪ್ಪಿಯೂ ಇಲ್ಲ, ಅಲ್ಲಗಳೆದೂ ಇಲ್ಲ ಎಂಬ ರೀತಿಯಲ್ಲಿ 2019ರಲ್ಲಿ ಕಂಪನಿ ಸುಮಾರು 2.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಗುತ್ತಿಗೆದಾರನನ್ನು ನಡುವೆ ನಿಲ್ಲಿಸಿದ್ದು ರಕ್ಷಣೆಯಾಗಲಿಲ್ಲ, ಆ ಬಿಲ್ಲೇ ಎರಡನೆಯ ಆರೋಪಕ್ಕೆ ದಾರಿಯಾಯಿತು: ಲೆಕ್ಕಪುಸ್ತಕದಲ್ಲಿ ಸುಳ್ಳು. ಲಂಚ ಸಾಬೀತು ಮಾಡುವುದು ಕಷ್ಟ, ಸುಳ್ಳು ಬಿಲ್ಲು ತೋರಿಸುವುದು ಸುಲಭ. ತನಿಖೆಗಾರರು ಹಿಡಿಯುವುದು ಅದನ್ನೇ. ಕಂಪನಿ ತಾನಾಗಿಯೇ ಮುಂದೆ ಬಂದು ತಿಳಿಸಿತ್ತು, ಹಾಗಾಗಿ ಅಮೆರಿಕದ ನ್ಯಾಯ ಇಲಾಖೆ ಅದರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಇಬ್ಬರು ಮಾಜಿ ಹಿರಿಯ ಅಧಿಕಾರಿಗಳ ಮೇಲೆ ಮಾತ್ರ ಹೂಡಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು.

ಬ್ರಿಟನ್ ಇನ್ನೂ ಬಿಗಿ. 2011ರಿಂದ ಜಾರಿಯಲ್ಲಿರುವ ಅಲ್ಲಿನ ಲಂಚ ಕಾಯ್ದೆಯ 7ನೇ ಕಲಮಿನಡಿ ಕಂಪನಿಗೆ ತಿಳಿದಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದರ ಪರವಾಗಿ ಕೆಲಸ ಮಾಡುವವನು ಅದರ ಲಾಭಕ್ಕಾಗಿ ಲಂಚ ಕೊಟ್ಟರೆ, ತಡೆಯಲು ಸಾಕಷ್ಟು ವ್ಯವಸ್ಥೆ ಇತ್ತೆಂದು ಕಂಪನಿಯೇ ತೋರಿಸಬೇಕು.

ವ್ಯಕ್ತಿಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಎಫ್‌ಸಿಪಿಎಯಡಿ ಪ್ರತಿ ಲಂಚದ ಅಪರಾಧಕ್ಕೆ 5 ವರ್ಷದವರೆಗೆ ಜೈಲು. ಹಾಕಿದ ದಂಡವನ್ನು ಕಂಪನಿ ತುಂಬಿಕೊಡುವಂತಿಲ್ಲ, ಅವರ ಜೇಬಿನಿಂದಲೇ ಹೋಗಬೇಕು.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು: ಬೆಂಗಳೂರಿನ ಕಂಪನಿ ಬೇರೆ ದೇಶದ ಮಂತ್ರಿಗೆ ಲಂಚ ಕೊಟ್ಟರೆ? ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆ 2018ರ ತಿದ್ದುಪಡಿಯ ನಂತರ ಕೊಟ್ಟವನನ್ನೂ ಕಂಪನಿಯನ್ನೂ ಹಿಡಿಯುತ್ತದೆ. ಒತ್ತಾಯಕ್ಕೆ ಕೊಟ್ಟವನು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನಿಗೆ ರಕ್ಷಣೆಯೂ ಇದೆ. ಆದರೆ ಇದೆಲ್ಲ ನಮ್ಮದೇ ಸರ್ಕಾರಿ ನೌಕರರಿಗೆ ಕೊಟ್ಟ ಲಂಚಕ್ಕೆ. ವಿದೇಶಿ ಅಧಿಕಾರಿಗಳಿಗಾಗಿ 2011ರಲ್ಲಿ ಲೋಕಸಭೆಗೆ ಬಂದ ಮಸೂದೆ ಕಾಯ್ದೆಯಾಗಲೇ ಇಲ್ಲ. ಆದರೆ ಅದೇ ಕಂಪನಿಯ ಷೇರು ಎಡಿಆರ್ (ವಿದೇಶಿ ಷೇರನ್ನು ಪ್ರತಿನಿಧಿಸುವ, ಅಮೆರಿಕದಲ್ಲಿ ಮಾರುವ ಪತ್ರ) ರೂಪದಲ್ಲಿ ನ್ಯೂಯಾರ್ಕಿನಲ್ಲಿ ವಹಿವಾಟಾಗುತ್ತಿದ್ದರೆ ಅಮೆರಿಕದ ಕಾಯ್ದೆಯ ಕೈ ಬೆಂಗಳೂರಿನವರೆಗೂ ಚಾಚಬಲ್ಲದು.